ಕೆಲಸ ಬಿಟ್ಟು ಯಕ್ಷಗಾನ ಮೇಳ ಸೇರಲಾ? ದಾಟಿದವರು ಹೇಳಿ

ಕೇಳಿದವರು: ಊರು ಕುಂದಾಪುರದ ಹತ್ತಿರ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಐದು ವರ್ಷ ದಾಟಿತು. ವಾರದ ಕೊನೆಗೆ ಯಕ್ಷಗಾನದ ಹೆಜ್ಜೆ ಕಲಿತು ಹವ್ಯಾಸಿ ತಂಡದಲ್ಲಿ ವೇಷ ಮಾಡುತ್ತಿದ್ದೇನೆ. ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಒಂದು ಮೇಳದವರು ಬರುವ ದೀಪಾವಳಿ ನಂತರದ ತಿರುಗಾಟಕ್ಕೆ, ಅಂದರೆ ಊರೂರು ಸುತ್ತಿ ಆಟ ಆಡುವ ಕಾಲಕ್ಕೆ, ಕರೆದಿದ್ದಾರೆ. ಅಪ್ಪ "ವೇಷ ಕಟ್ಟಲಿಕ್ಕಾ ಇಂಜಿನಿಯರಿಂಗ್ ಓದಿಸಿದ್ದು?" ಅಂದವರು ಮಾತು ಬಿಟ್ಟಿದ್ದಾರೆ. ಅಮ್ಮನಿಗೆ ನನ್ನ ಮದುವೆಯ ಚಿಂತೆ. ರಾಜೀನಾಮೆ ಬರೆದಿಟ್ಟಿದ್ದೇನೆ, ಕಳಿಸಲು ಧೈರ್ಯ ಬರುತ್ತಿಲ್ಲ. ನೀವೆಲ್ಲ ಹೇಗೆ ಮಾಡಿದಿರಿ?

ಸಹಕಾರಿ ಬ್ಯಾಂಕ್ ಬಿಟ್ಟು ಮೇಳ ಸೇರಿದವರು: ಧೈರ್ಯದ ಮಾತು ಆಮೇಲೆ. ನಿಮಗೆ ಬೇಕಿರುವುದು ರಂಗದ ಮೇಲಿನ ಮುಕ್ಕಾಲು ಗಂಟೆಯೋ, ಮೇಳದ ಬದುಕೋ? ಎರಡೂ ಒಂದೇ ಅಲ್ಲ ಮಾರಾಯ್ರೆ. ಹವ್ಯಾಸಿ ತಂಡದಲ್ಲಿ ನಿಮಗೆ ಅಭಿಮನ್ಯು, ಬಭ್ರುವಾಹನ ಸಿಕ್ಕಿರಬಹುದು. ಮೇಳದಲ್ಲಿ ಹೊಸಬರಿಗೆ ಆಟದ ಶುರುವಿನ ಕೋಡಂಗಿ, ಬಾಲಗೋಪಾಲ, ಇಲ್ಲ ಒಡ್ಡೋಲಗದಲ್ಲಿ (ಪಾತ್ರಗಳ ಮೊದಲ ಪ್ರವೇಶ) ಹಿಂದೆ ನಿಲ್ಲುವ ವೇಷ. ಜನ ಇನ್ನೂ ಬಂದಿರುವುದಿಲ್ಲ. ಚುರುಮುರಿ ಅಂಗಡಿಯವ ಈರುಳ್ಳಿ ಹೆಚ್ಚುತ್ತಿರುತ್ತಾನೆ, ನೀವು ಕುಣಿಯುತ್ತಿರುತ್ತೀರಿ.

ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ದೇವರ ಹತ್ತಿರದ ಜಾಗ ಹಿರಿಯ ವೇಷಧಾರಿಗಳದ್ದು. ನಿಮ್ಮದು ಆ ಕೊನೆ, ಗಾಳಿಗೆ ಪರದೆ ಹಾರುವ ಕಡೆ. ಕೇದಗೆ ಮುಂದಲೆ (ತಲೆಯ ಮೇಲಿನ ಕಟ್ಟು) ಕಟ್ಟುವುದು ಕೈಗೆ ಹತ್ತಲು ದಿನ ಹಿಡಿಯುತ್ತದೆ. ಬಿಗಿ ಜಾಸ್ತಿಯಾದರೆ ಹಣೆ ಸಿಡಿಯುತ್ತದೆ, ಸಡಿಲ ಬಿಟ್ಟರೆ ಮಂಡಿ ಹಾಕುವಾಗ (ಮೊಣಕಾಲೂರಿ ತಿರುಗುವಾಗ) ಜಾರುತ್ತದೆ. ನನ್ನನ್ನು ಇದಕ್ಕಿಂತ ಕಾಡಿದ್ದು ನಿದ್ದೆ. ಬೆಳಗಿನ ತನಕ ಆಟ, ಬಣ್ಣ ತೆಗೆದು ಮುಂದಿನ ಊರಿಗೆ ಹೋಗಿ ಶಾಲೆಯ ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಹನ್ನೊಂದಕ್ಕೆಲ್ಲ ಮೈಕಿನವನ "ಹಲೋ ಹಲೋ" ಶುರು. ಈಗ ಕಾಲಮಿತಿಯ ಆಟಗಳು ಬಂದು ಪರವಾಗಿಲ್ಲ.

ಸಂಬಳ ಒಂದು ತಿರುಗಾಟಕ್ಕೆ ಇಷ್ಟು ಅಂತ ಮಾತಾಗುತ್ತದೆ. ಮೇ ಕೊನೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ನಿಮ್ಮ ಪಾಡು ನಿಮ್ಮದು. ಹೆಸರಿದ್ದವರಿಗೆ ಬೆಂಗಳೂರು, ಮುಂಬೈಯಲ್ಲಿ ಆಟ ಇರುತ್ತದೆ, ಹೊಸಬರನ್ನು ಕರೆಯುವವರು ಕಡಿಮೆ. ನಾನು ಆ ತಿಂಗಳುಗಳಲ್ಲಿ ಶಾಲೆಯ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತೇನೆ.

ಇಷ್ಟು ಓದಿದ ಮೇಲೂ "ಆದ್ರೂ ಹೋಗ್ಬೇಕು" ಅನಿಸುತ್ತದಾ? ಈಗ ಮೇಳಗಳು ತಿರುಗಾಟದಲ್ಲೇ ಇವೆ ಅಲ್ವಾ? ರಜೆ ಹಾಕಿ ಎರಡು ವಾರ ಜೊತೆಯಲ್ಲಿ ತಿರುಗಿ. ಎದುರಿನ ಕುರ್ಚಿಯಲ್ಲಿ ಕೂತು ನೋಡಲು ಹೋಗಬೇಡಿ, ಚೌಕಿಯಲ್ಲಿ ಇರಿ. ಸುಮ್ನೆ ಬೆಂಗಳೂರಲ್ಲಿ ಕೂತು ಧೈರ್ಯ ಬರಲಿ ಅಂತ ಕಾದರೆ ಅದು ಬರುವುದಿಲ್ಲ.

ಮದ್ದಲೆಗಾರರ ಮನೆಯಾಕೆ: ಮದುವೆ ವಿಷಯ ನಾನು ಹೇಳುತ್ತೇನೆ. ಮೇಳದವರಿಗೆ ಹೆಣ್ಣು ಕೊಡುವವರು ಕಡಿಮೆ ಅನ್ನುವುದು ಸುಳ್ಳಲ್ಲ. ನಮ್ಮವರು ಹೆಣ್ಣು ನೋಡಲು ಬಂದ ದಿನವೇ "ಆರು ತಿಂಗಳು ರಾತ್ರಿ ಮನೆಯಲ್ಲಿರುವುದಿಲ್ಲ, ಮಗುವಿಗೆ ಜ್ವರ ಬಂದರೂ ನೀವೇ ನೋಡಿಕೊಳ್ಳಬೇಕಾಗುತ್ತದೆ" ಅಂದರು. ನನ್ನಪ್ಪನಿಗೆ ಸಿಟ್ಟು ಬಂತು. ನನಗೆ ನಂಬಿಕೆ ಬಂತು. ಕಂಪನಿ ಕೆಲಸ ತೋರಿಸಿ ಮದುವೆಯಾಗಿ, ಆಮೇಲೆ ಗೆಜ್ಜೆ ಕಟ್ಟುವ ಯೋಚನೆ ಇದ್ದರೆ ದಯವಿಟ್ಟು ಬೇಡ.

ಪೇರೋಲ್ ಕೆಲಸದಲ್ಲಿರುವವಳು: ನನಗೆ ಕಲೆ ಗೊತ್ತಿಲ್ಲ, ಲೆಕ್ಕ ಗೊತ್ತು. ಐದು ವರ್ಷ ದಾಟಿದ್ದು ಒಳ್ಳೆಯದಾಯಿತು, ಗ್ರಾಚ್ಯುಟಿ ಸಿಗುತ್ತದೆ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ (ಡಿಎ) ಇದ್ದರೆ ಅದನ್ನೂ ಸೇರಿಸಿ, 26ರಿಂದ ಭಾಗಿಸಿ 15ರಿಂದ ಗುಣಿಸಿ. ಅದಕ್ಕೆ ಎಷ್ಟು ವರ್ಷವೋ ಅಷ್ಟು ಪಟ್ಟು. ಮೂಲ ವೇತನ 40,000 ಇದ್ದರೆ ಐದು ವರ್ಷಕ್ಕೆ ಸುಮಾರು 1.15 ಲಕ್ಷ. ಅದು ನಿಮ್ಮ ಮೊದಲ ಮಳೆಗಾಲದ ದುಡ್ಡು ಅಂದುಕೊಳ್ಳಿ. ಪಿಎಫ್ ಮುಟ್ಟಬೇಡಿ.

ಎಲ್ಲರೂ ಮರೆಯುವುದು ಆರೋಗ್ಯ ವಿಮೆ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆ ದಿನಕ್ಕೇ ನಿಲ್ಲುತ್ತದೆ. ಅಪ್ಪ ಅಮ್ಮ ಅದರಲ್ಲೇ ಇದ್ದರೆ ಅವರದ್ದೂ ನಿಂತಿತು. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ಸಂಬಳ ಬರುತ್ತಿರುವಾಗಲೇ ಮಾಡಿಸಿ. (ಮಂಡಿ ಕುಣಿತದ ವಿಡಿಯೋ ನೋಡಿದೆ. ಖಂಡಿತ ಮಾಡಿಸಿ.) ನೋಟಿಸ್ 90 ದಿನ ಇದ್ದರೆ ಪತ್ರ ಜುಲೈಯಲ್ಲೇ ಹೋಗಬೇಕು. ರಿಲೀವಿಂಗ್ ಲೆಟರ್ ಕೈಗೆ ಬರದೆ ಹೊರಡಬೇಡಿ.

ಹೈಸ್ಕೂಲ್ ಮೇಷ್ಟ್ರು, ಶಿರಸಿ ಕಡೆ: ನಾನು ಬಿಡಲಿಲ್ಲ. ಶಾಲೆ ಮುಗಿಸಿ ತಾಳಮದ್ದಲೆಗೆ ಹೋಗುತ್ತೇನೆ. ಬಣ್ಣ ಇಲ್ಲ, ಗೆಜ್ಜೆ ಇಲ್ಲ, ಕೂತು ಅರ್ಥ, ಅಂದರೆ ಪಾತ್ರದ ಮಾತು, ಹೇಳುವುದು. ಮೇಷ್ಟ್ರು, ವಕೀಲರು, ಡಾಕ್ಟರು ಹಿಂದಿನಿಂದಲೂ ಅಲ್ಲಿದ್ದಾರೆ. ಕೆಲವರು ಇದನ್ನು ರಾಜಿ ಅನ್ನುತ್ತಾರೆ, ಅನ್ನಲಿ. ನನಗೆ ಬೇಕಿದ್ದದ್ದು ಮಾತು. ಕರ್ಣನ ಬಾಯಲ್ಲಿ ಕೃಷ್ಣನನ್ನು ಒಂದು ಗಂಟೆ ತಡೆದು ನಿಲ್ಲಿಸುವುದು ಸಿಕ್ಕಿದೆ. ನಿಮಗೆ ಕುಣಿತವೇ ಬೇಕಿದ್ದರೆ ನನ್ನ ದಾರಿ ನಿಮಗೆ ಸಾಲದು.

ಇನ್ನೊಬ್ಬರು: ನೇರ ಮೇಳಕ್ಕೆ ಹೋಗುವ ಮುಂಚೆ ಹೆಜ್ಜೆ ಗಟ್ಟಿ ಮಾಡಿಕೊಳ್ಳಬಹುದು. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಇದೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಶುರು ಮಾಡಿದ ಶ್ರೀಮಯ ಕೇಂದ್ರ ಇದೆ. ನಿಮ್ಮ ವಯಸ್ಸಿನವರನ್ನು ಸೇರಿಸಿಕೊಳ್ಳುತ್ತಾರಾ, ಹೋಗಿ ಕೇಳಿ.

ಮೇಳದಲ್ಲಿರುವ ಹುಡುಗನ ಅಪ್ಪ: ತಮ್ಮ, ಅಪ್ಪನ ಸಿಟ್ಟಲ್ಲಿ ಅವಮಾನಕ್ಕಿಂತ ಲೆಕ್ಕ ಜಾಸ್ತಿ ಇರುತ್ತದೆ. ಮಂಡಿ ಹೋದ, ಸಾಲ ಉಳಿದ ಕಲಾವಿದರನ್ನು ನಾವು ಊರಲ್ಲಿ ಕಣ್ಣಾರೆ ಕಂಡವರು. ಬಡಗುತಿಟ್ಟಿನ ದೊಡ್ಡ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು ಅಂತ ಮಾತ್ರ ವಾದಕ್ಕೆ ಇಳಿಯಬೇಡ. ನನ್ನ ಮಗ ಇಳಿದಿದ್ದ. "ನೀನು ಚಿಟ್ಟಾಣಿಯಾ?" ಅಂದೆ, ಬಾಯಿ ಮುಚ್ಚಿದ. ಆಮೇಲೆ ಒಂದು ಹಾಳೆಯಲ್ಲಿ ಬರೆದು ತಂದ. ಸಾಲ ಎಷ್ಟಿದೆ, ಮಳೆಗಾಲಕ್ಕೆ ಏನು ದಾರಿ, ಎರಡು ತಿರುಗಾಟದಲ್ಲಿ ಆಗದಿದ್ದರೆ ಮುಂದೇನು. ಉಡುಪಿಯ ಯಕ್ಷಗಾನ ಕಲಾರಂಗ ವೃತ್ತಿ ಕಲಾವಿದರಿಗೆ ನಿಧಿ ಇಟ್ಟು ನಡೆಸುತ್ತಿದೆ ಅನ್ನುವುದನ್ನೂ ಬರೆದಿದ್ದ. ನಾನು ಒಪ್ಪಲಿಲ್ಲ. ಆದರೆ ಆ ಹಾಳೆ ಹಿಡಿದು ಜಗಳ ಮಾಡಲಿಕ್ಕಾದರೂ ಅವನ ಹತ್ತಿರ ಮಾತಾಡಬೇಕಾಯಿತು. ಈಗಲೂ ಪೂರ್ತಿ ಒಪ್ಪಿಲ್ಲ. ಹತ್ತಿರದಲ್ಲಿ ಆಟ ಇದ್ದರೆ ಹೋಗುತ್ತೇನೆ.

ಕೇಳಿದವರು: ಮೇಳದ ಮ್ಯಾನೇಜರಿಗೆ ಫೋನ್ ಮಾಡಿದೆ. ಮುಂದಿನ ವಾರವೇ ಬಾ ಅಂದರು. ರಾಜೀನಾಮೆ ಪತ್ರ ಜುಲೈ ತನಕ ಹಾಗೇ ಇರಲಿ. ಅಪ್ಪನಿಗೆ ಹಾಳೆ ಬರೆಯಲು ಕೂತರೆ ಮಳೆಗಾಲದ ಸಾಲು ಖಾಲಿ ಇದೆ, ಅದನ್ನು ಯೋಚಿಸುತ್ತಿದ್ದೇನೆ. ಚೌಕಿಗೆ ಬರುವಾಗ ಏನು ತರಲಿ?

ಬ್ಯಾಂಕ್ ಬಿಟ್ಟವರು: ತೆಂಗಿನೆಣ್ಣೆ, ಹಳೇ ಪಂಚೆ ಎರಡು, ಸೊಳ್ಳೆ ಬತ್ತಿ. ಮತ್ತೆ, ಆಫೀಸಲ್ಲಿ ಅಕ್ಕನ ಮದುವೆ ಅಂತೆಲ್ಲ ಸುಳ್ಳು ಹೇಳಿ ಬರಬೇಡಿ. ಚೌಕಿಯಲ್ಲಿ ಫೋಟೊ ತೆಗೆದು ವಾಟ್ಸಾಪಿಗೆ ಹಾಕುವವರು ಬಹಳ.