ಕಡ್ಡಾಯ ಮಿಲಿಟರಿ ಸರ್ವಿಸ್ ಬಂದರೆ ಹುಡುಗರು ಸರಿಹೋಗುತ್ತಾರಾ?

ವಾರ್ಜೆ_ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮೂರು ಬಾಗಲಕೋಟೆ ಕಡೆ, ಪುಣೆಗೆ ಬಂದು ವರ್ಷಗಳೇ ಆದವು. ಮಗ ಈ ಸಲ ಹನ್ನೆರಡನೇ ಕ್ಲಾಸ್. ಹುಡುಗ ಕೆಟ್ಟವನಲ್ಲ. ಆದರೆ ಉಂಡ ತಟ್ಟೆ ಉಂಡಲ್ಲೇ ಬಿದ್ದಿರುತ್ತೆ, ರಾತ್ರಿ ಎರಡರ ತನಕ ಫೋನು, ಬೆಳಗ್ಗೆ ಎಬ್ಬಿಸೋದೇ ಅವರಮ್ಮನಿಗೆ ಒಂದು ಡ್ಯೂಟಿ. ಮೊನ್ನೆ ಕನ್ನಡದವರೆಲ್ಲ ಸೇರಿದ್ದಾಗ ಮಕ್ಕಳ ಮಾತೇ ಬಂತು. ಒಬ್ಬರು, "ಇಸ್ರೇಲ್ ಥರ ಇಲ್ಲೂ ಹದಿನೆಂಟು ತುಂಬಿದ ಕೂಡಲೇ ಎರಡು ವರ್ಷ ಮಿಲಿಟರಿಗೆ ಹಾಕಬೇಕು ರೀ, ಎಲ್ಲ ನೆಟ್ಟಗಾಗ್ತಾರೆ" ಅಂದರು. ಅಲ್ಲಿದ್ದ ಅಪ್ಪಂದಿರೆಲ್ಲ ಹೌದೌದು ಅಂದೆವು.

ಪುಣೆಯಲ್ಲಿದ್ದ ಮೇಲೆ ಹಾಗೆ ಅನಿಸೋದು ಸಹಜ ಬಿಡಿ. ಭಾನುವಾರ ಕ್ಯಾಂಪ್ ಕಡೆ ಹೋದರೆ ಎನ್‌ಡಿಎ ಹುಡುಗರು ಸಿಗುತ್ತಾರೆ, ಅದೇ ಖಡಕವಾಸ್ಲಾದಲ್ಲಿ ಸೇನಾ ಅಧಿಕಾರಿಗಳಾಗೋಕೆ ತರಬೇತಿ ಪಡೆಯೋರು. ನನ್ನ ಮಗನದೇ ವಯಸ್ಸು, ಗರಿ ಮುರಿಯದ ಶರ್ಟು, ಐಸ್‌ಕ್ರೀಮ್ ತಿನ್ನುವಾಗಲೂ ಒಂದು ಗತ್ತು. ಪಕ್ಕದಲ್ಲಿ ನಮ್ಮವನು ಕೂದಲು ಕಣ್ಣ ಮೇಲೆ ಬಿಟ್ಟುಕೊಂಡು ನಿಂತಿರುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಬಲವಂತವಾಗಿ ಕಳಿಸಿದರೂ ಹುಡುಗರು ಹಾಗೇ ಆಗುತ್ತಾರಾ? ಸರ್ವಿಸ್ ಮಾಡಿದವರು, ಅಂಥ ದೇಶದಲ್ಲಿ ಇದ್ದು ಬಂದವರು ಹೇಳಿ. ವಾಟ್ಸಾಪ್ ಜ್ಞಾನ ದಯವಿಟ್ಟು ಬೇಡ, ಅದು ನಮ್ಮ ಹತ್ತಿರವೇ ಜಾಸ್ತಿ ಇದೆ.

ಖಡಕಿ_ಸ್ಯಾಪರ್

ನಾನು ಬಾಂಬೆ ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರ್ ಪಡೆಯವನು. ಖಡಕಿ ಸೆಂಟರಿನಲ್ಲಿ ರಿಕ್ರೂಟ್ ಆಗಿದ್ದವನು, ಕೊನೆಗೆ ಅಲ್ಲೇ ಉಸ್ತಾದ್, ಅಂದರೆ ತರಬೇತಿ ಕೊಡೋನು, ಆಗಿಯೂ ಇದ್ದೆ. ಈಗ ಪೆನ್ಶನ್.

ಮೊದಲಿಗೆ ಒಂದು ಮಾತು, ಎನ್‌ಡಿಎ ಹುಡುಗರನ್ನು ನೋಡಿ ಲೆಕ್ಕ ಹಾಕಬೇಡಿ. ಅವರು ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಸಂದರ್ಶನ, ಮೆಡಿಕಲ್ ಎಲ್ಲ ದಾಟಿ ಬಂದವರು. ಲಕ್ಷಗಟ್ಟಲೆ ಹುಡುಗರು ಪರೀಕ್ಷೆ ಬರೆದರೆ ಒಳಗೆ ಹೋಗೋದು ಕೆಲವೇ ನೂರು ಜನ. ಅವರ ನೆಟ್ಟನೆ ಬೆನ್ನಿನಲ್ಲಿ ಅರ್ಧ ಪಾಲು ಖಡಕವಾಸ್ಲಾಗೆ ಬರೋ ಮುಂಚೆಯೇ ಇತ್ತು.

ಎರಡನೆಯದು. ಸಿವಿಲ್ ಜನ ಏನು ಅಂದುಕೊಂಡಿದ್ದಾರೆ ಅಂದರೆ, ಬೆಳಗ್ಗೆ ಐದಕ್ಕೆ ಎಬ್ಬಿಸಿ, ಓಡಿಸಿ, ಬೈದು, ಫ್ರಂಟ್ ರೋಲ್ ಹೊಡೆಸಿದರೆ ಶಿಸ್ತು ಬರುತ್ತೆ ಅಂತ. ನಾವು ಅದಕ್ಕೆ ರಗಡಾ ಅಂತೀವಿ. ರಗಡಾ ಬೇಕು, ಇಲ್ಲ ಅನ್ನಲ್ಲ. ಆದರೆ ಬರೀ ರಗಡಾ ತಿಂದ ಹುಡುಗ ಕಲಿಯೋದು ಉಸ್ತಾದನ ಕಣ್ಣು ತಪ್ಪಿಸೋದನ್ನ ಮಾತ್ರ. ನಿಜವಾದ ಬದಲಾವಣೆ ಎಲ್ಲಿ ಆಗುತ್ತೆ ಹೇಳ್ತೀನಿ. ರೂಟ್ ಮಾರ್ಚ್ ಮುಗಿಸಿ ರಾತ್ರಿ ಬಂದ ಮೇಲೆ ಎಲ್ಲರ ಬೂಟು ಬಿಚ್ಚಿಸಿ, ಸಾಕ್ಸ್ ತೆಗೆಸಿ, ಟಾರ್ಚ್ ಹಿಡಿದು ಒಬ್ಬೊಬ್ಬನ ಪಾದ ನೋಡ್ತೀವಿ, ಬೆರಳ ಸಂದಿ ಸಹ ಬಿಡಲ್ಲ. ಬೊಬ್ಬೆ ಎದ್ದಿದ್ದನ್ನು ಮುಚ್ಚಿಟ್ಟವನಿಗೇ ಬೈಗುಳ ಜಾಸ್ತಿ, ಯಾಕಂದರೆ ನಾಳೆ ಅವನು ಕುಂಟಿದರೆ ಅವನ ಪಿಟ್ಟು (ಬೆನ್ನಿಗೆ ಹೊರೋ ಚೀಲ), ರೈಫಲ್ಲು ಪಕ್ಕದವನು ಹೊರಬೇಕು. ಮೊದಮೊದಲು ಹುಡುಗರಿಗೆ ನಾಚಿಕೆ. ಕೆಲವು ವಾರ ಕಳೆಯಲಿ, ಉಸ್ತಾದ್ ಬರೋ ಮುಂಚೆಯೇ ಒಬ್ಬ ಇನ್ನೊಬ್ಬನ ಕಾಲಿಗೆ ಟೇಪ್ ಸುತ್ತುತ್ತಾ ಕೂತಿರುತ್ತಾನೆ. ಅದನ್ನು ಯಾರೂ ಆರ್ಡರ್ ಮಾಡಿರಲ್ಲ. ಇವನು ತಾನಾಗಿ ಬಂದವನು, ಪಕ್ಕದವನೂ ತಾನಾಗಿ ಬಂದವನು, ಇಬ್ಬರಿಗೂ ಈ ಕೆಲಸ ಬೇಕು. ದಿನ ಎಣಿಸಿಕೊಂಡು ಕೂತವನು ಟೇಪ್ ಸುತ್ತುತ್ತಾನಾ? ನನಗೆ ನಂಬಿಕೆ ಇಲ್ಲ.

ಇನ್ನು ಲೆಕ್ಕ. ಮೂರೂ ಸೇನೆ ಸೇರಿ ನಮ್ಮಲ್ಲಿ ಸುಮಾರು 14 ಲಕ್ಷ ಜನ. ಪ್ರತಿ ವರ್ಷ 18 ತುಂಬುವ ಹುಡುಗರೇ ಒಂದು ಕೋಟಿಗಿಂತ ಜಾಸ್ತಿ. ಎರಡು ವರ್ಷದ ಸರ್ವಿಸ್ ಅಂದರೆ ಯಾವಾಗಲೂ ಎರಡು ಕೋಟಿ ಹುಡುಗರು ಬ್ಯಾರಕ್ಕಿನಲ್ಲಿ! ಊಟ ಬೂಟು ಬಿಡಿ, ಉಸ್ತಾದ್‌ಗಳನ್ನು ಎಲ್ಲಿಂದ ತರೋದು? ಬಾರ್ಡರಿನಲ್ಲಿರೋ ಹವಾಲ್ದಾರರನ್ನು ವಾಪಸ್ ಕರೆಸಿ ನಿಮ್ಮ ಮಕ್ಕಳಿಗೆ ಹಾಸಿಗೆ ಮಡಚೋದು ಕಲಿಸಬೇಕಾ?

ಹಿಂಜೆವಾಡಿ_ಹುಬ್ಬಳ್ಳಿ

ಸರ್, ನಿಮ್ಮ ಸರ್ವಿಸ್‌ಗೆ ಸಲಾಂ. ಆದರೆ ಪೂರ್ತಿ ಒಪ್ಪೋಕೆ ಆಗಲ್ಲ.

ನಾನು ಸಿಂಗಾಪುರದಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ 1967ರಿಂದ ಹುಡುಗರಿಗೆ ಕಡ್ಡಾಯ. ಈಗ ಎರಡು ವರ್ಷ, ಅದಾದ ಮೇಲೂ ನಲವತ್ತರ ತನಕ ಆಗಾಗ ಕರೆ ಬರುತ್ತೆ. ನಮ್ಮ ಆಫೀಸಿನ ದೊಡ್ಡ ಮ್ಯಾನೇಜರ್ ಒಬ್ಬ ಹೀಗೆ ಕ್ಯಾಂಪಿಗೆ ಹೋದರೆ ಅಲ್ಲಿ ಅವನ ಮೇಲಿನ ಸಾರ್ಜೆಂಟ್ ಟ್ಯಾಕ್ಸಿ ಓಡಿಸೋನು. ಚೀನೀ, ಮಲಯ್, ತಮಿಳು ಹುಡುಗರು ಒಂದೇ ರೂಮಲ್ಲಿ ಮಲಗಿ ಎದ್ದಿರುತ್ತಾರೆ. ಇಲ್ಲಿ ನೋಡಿ, ನಮ್ಮ ಸೊಸೈಟಿಯಲ್ಲಿ ಕೆಲಸದವರಿಗೆ ಬೇರೆ ಲಿಫ್ಟು. ನನ್ನ ಅಕ್ಕನ ಮಗ ಇಂಟರ್‌ನ್ಯಾಷನಲ್ ಸ್ಕೂಲು, ಆಮೇಲೆ ಪ್ರೈವೇಟ್ ಯೂನಿವರ್ಸಿಟಿ, ಆಮೇಲೆ ವಿದೇಶ. ತನಗಿಂತ ಬಡವನ ಜೊತೆ ಸಮ ಸಮ ಕೂತು ಊಟ ಮಾಡಿದ್ದೇ ಇಲ್ಲ ಅವನು. ಅದನ್ನು ಬೇರೆ ಯಾವ ವ್ಯವಸ್ಥೆ ಕಲಿಸುತ್ತೆ ಹೇಳಿ. ತಾನಾಗಿ ಬನ್ನಿ ಅಂದರೆ ಇಂಥವರು ಬರೋದೇ ಇಲ್ಲ. ಸತಾರಾ ಹತ್ತಿರ ಅಪ್ಶಿಂಗೆ ಅಂತ ಹಳ್ಳಿ ಇದೆ, ಹೆಸರಲ್ಲೇ 'ಮಿಲಿಟರಿ' ಅಂತ ಸೇರಿಕೊಂಡಿದೆ, ತಲೆಮಾರುಗಳಿಂದ ಮನೆಮನೆಯಿಂದ ಸೈನಿಕರು. ಕೊಡಗಿನಲ್ಲೂ ಹಾಗೇ. ಕೆಲವೇ ಊರು, ಕೆಲವೇ ಮನೆಗಳು ಮಕ್ಕಳನ್ನು ಕಳಿಸಬೇಕು, ಮಿಕ್ಕವರು ಸ್ಟೇಟಸ್ ಹಾಕಿಕೊಂಡು ಕೂರಬೇಕು, ಇದು ನ್ಯಾಯವಾ?

ಜನಕ್ಕೆ ಇಷ್ಟ ಇರಲ್ಲ ಅನ್ನೋದೂ ಸುಳ್ಳು. ಸ್ವಿಟ್ಜರ್ಲೆಂಡಿನಲ್ಲಿ 2013ರಲ್ಲಿ ಕಡ್ಡಾಯ ತೆಗೆಯೋಣವಾ ಅಂತ ಜನರನ್ನೇ ಕೇಳಿದರು, ಸುಮಾರು 73% ಜನ ಬೇಡ, ಇರಲಿ ಅಂದರು. ನಮ್ಮ ಸಂವಿಧಾನದ 23ನೇ ವಿಧಿ ಕೂಡ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ಹೇರಲು ಅವಕಾಶ ಕೊಟ್ಟಿದೆ, ಜಾತಿ ಧರ್ಮ ವರ್ಗ ನೋಡಬಾರದು ಅಷ್ಟೇ.

ಮಿಸಳ್_ಪ್ರಿಯ

ಕಡ್ಡಾಯ ಮಾಡಬೇಕು ಅನ್ನೋರ ವಯಸ್ಸು ಯಾವಾಗಲೂ ನಲವತ್ತೈದರ ಮೇಲೇ ಇರುತ್ತೆ, ಯಾಕೋ 🙂 ಮೊದಲ ಬ್ಯಾಚಿಗೆ ಅಪ್ಪಂದಿರನ್ನು ಕಳಿಸೋಣ. ಸಿಂಹಗಡ ಅರ್ಧ ಹತ್ತಿ ಪಿಠ್ಲ-ಭಾಕರಿಗೆ ಕೂರೋ ಜನ ನೀವೆಲ್ಲ.

ಔಂಧ್_ಅಜ್ಜ

ನಮ್ಮ ದೇಶದಲ್ಲಿ ಇದನ್ನು ಒಂದು ಸಲ ಮಾಡಿ ನೋಡಿ ಆಗಿದೆ. ಯಾರಿಗೂ ನೆನಪಿದ್ದಂತಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಇಷ್ಟ ಇದ್ದವರಿಗೆ. 1962ರಲ್ಲಿ ಚೀನಾ ಯುದ್ಧ ಆಯಿತು. ಮರುವರ್ಷವೇ ಕಾಲೇಜಿನ ಹುಡುಗರಿಗೆಲ್ಲ ಎನ್‌ಸಿಸಿ ಕಡ್ಡಾಯ ಮಾಡಿದರು. ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ. ಮೊದಮೊದಲು ಹುರುಪು ಇತ್ತು, ಸುಳ್ಳು ಹೇಳಬಾರದು. ಖಾಕಿ ಅಂಗಿಗೆ ಅಕ್ಕಿ ಗಂಜಿ ಹಾಕಿಸಿ ಹಲಗೆ ಥರ ಮಾಡಿಕೊಂಡು, ಬೆಲ್ಟಿನ ಹಿತ್ತಾಳೆ ಬಕಲ್ಲಿಗೆ ಬ್ರಾಸೋ ತಿಕ್ಕಿ ಹೊಳೆಸಿಕೊಂಡು ಹೋಗುತ್ತಿದ್ದೆವು. ಆಮೇಲೆ? ಇಡೀ ಕಾಲೇಜೇ ಮೈದಾನದಲ್ಲಿ, ಬೂಟು ಎಲ್ಲರಿಗೂ ಸಾಲದು, ರೈಫಲ್ ಅಂತೂ ಸರದಿ ಮೇಲೆ. ಬಿಸಿಲಿನಲ್ಲಿ ಎಡ-ಬಲ, ಎಡ-ಬಲ. ಹಾಜರಿ ಕರೆಯುವಾಗ ಒಬ್ಬನೇ ದನಿ ಬದಲಿಸಿ ಮೂರು ಹೆಸರಿಗೆ 'ಎಸ್ ಸರ್' ಅನ್ನುತ್ತಿದ್ದ. ಯಾರ ಮಾವನೋ ಡಾಕ್ಟರ್ ಆಗಿದ್ದರೆ ಇಡೀ ರೂಮಿಗೆ ಚಪ್ಪಟೆ ಪಾದದ ಸರ್ಟಿಫಿಕೇಟ್. ಮಾವ ಇಲ್ಲದ ಹಳ್ಳಿ ಹುಡುಗರು ಮಾತ್ರ ಬಿಸಿಲಲ್ಲಿ ನಿಂತರು. ಹಿಂಜೆವಾಡಿಯವರು ಸಮ ಸಮ ಅಂತ ಬರೆದಿದ್ದಾರಲ್ಲ, ನಾನು ಕಂಡ ಕಡ್ಡಾಯದಲ್ಲಿ ಅದು ಹೀಗಿತ್ತು.

1968ರಲ್ಲಿ ಮತ್ತೆ ಇಷ್ಟ ಇದ್ದವರಿಗೆ ಮಾತ್ರ ಅಂತ ಮಾಡಿದರು. ಮರುವರ್ಷ ಸಮಾಜಸೇವೆಯ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಬಂತು.

ಆದರೆ ಇದನ್ನೂ ಹೇಳಬೇಕು. ನನ್ನ ರೂಮಿನಲ್ಲಿದ್ದ ಒಬ್ಬ ಹುಡುಗ, ಮಹಾ ಪುಕ್ಕಲ, ಕಡ್ಡಾಯ ಇಲ್ಲದಿದ್ದರೆ ಆ ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ಫೈರಿಂಗ್ ರೇಂಜಿಗೆ ಹೋಗಿ ಬಂದ ದಿನ ಅವನಿಗೆ ಏನಾಯಿತೋ, ಆಮೇಲೆ ಒಂದು ಪರೇಡೂ ತಪ್ಪಿಸಲಿಲ್ಲ. ಮುಂದೆ ಸೈನ್ಯಕ್ಕೇ ಸೇರಿದ.

ಕರ್ವೆನಗರ_ಮೇಡಂ

ನಾನು ಅರ್ಥಶಾಸ್ತ್ರ ಪಾಠ ಮಾಡೋಳು, ಹಾಗಾಗಿ ಸ್ವಲ್ಪ ಬೋರ್ ಹೊಡೆಸ್ತೀನಿ, ಸಹಿಸಿಕೊಳ್ಳಿ.

ಇವನು ಮಿಲಿಟರಿಗೆ ಹೋಗಿ ಸುಧಾರಿಸಿದ, ಅವನು ಹೋಗದೆ ಕೆಟ್ಟ ಅಂತ ಹೋಲಿಸಿದರೆ ಏನೂ ಗೊತ್ತಾಗಲ್ಲ, ಹೋಗೋರೇ ಬೇರೆ ಥರದವರು ಆಗಿರಬಹುದು. ಅರ್ಜೆಂಟೀನಾದಲ್ಲಿ ಮಾತ್ರ ಒಂದು ಒಳ್ಳೆ ಅನುಕೂಲ ಇತ್ತು. ಅಲ್ಲಿ ಯಾರು ಹೋಗಬೇಕು ಅನ್ನೋದನ್ನು ಗುರುತಿನ ಚೀಟಿಯ ಕೊನೆ ಮೂರು ಅಂಕಿ ಮೇಲೆ ಲಾಟರಿ ಎತ್ತಿ ತೀರ್ಮಾನ ಮಾಡುತ್ತಿದ್ದರು. ಅಂದರೆ ಹೋದವರೂ ಉಳಿದವರೂ ಮೊದಲಿಗೆ ಒಂದೇ ಥರ, ನಡುವೆ ಇರೋದು ಬರೀ ಅದೃಷ್ಟ. ಮುಂದೆ ಅವರ ಪೊಲೀಸ್ ದಾಖಲೆ ತೆಗೆದು ನೋಡಿದರೆ, ಮಿಲಿಟರಿ ಮಾಡಿ ಬಂದವರಲ್ಲೇ ಕ್ರಿಮಿನಲ್ ಕೇಸು ಜಾಸ್ತಿ! 2011ರಲ್ಲಿ ಈ ಅಧ್ಯಯನ ಪ್ರಕಟ ಆಯ್ತು. ಒಂದು ಕಾರಣ ಏನಿರಬಹುದು ಅಂದರೆ, ಕೆಲಸ ಕಲಿಯಬೇಕಾದ ವಯಸ್ಸು ಅಲ್ಲಿ ಕಳೆದುಹೋಗಿ ನೌಕರಿ ಸಿಗೋದು ತಡ ಆಯ್ತು.

ಜರ್ಮನಿಯಲ್ಲೂ ನೋಡಿದ್ದಾರೆ. ಅಲ್ಲಿ ಕಡ್ಡಾಯ ಇದ್ದ ಕಾಲದಲ್ಲಿ ಮಿಲಿಟರಿ ಬೇಡ ಅಂದವರು ಆಸ್ಪತ್ರೆ, ವೃದ್ಧಾಶ್ರಮದ ಥರದ ಕಡೆ ಕೆಲಸ ಮಾಡಬಹುದಿತ್ತು. ಎರಡೂ ಗುಂಪಿನ ಸ್ವಭಾವ ಅಳೆದಾಗ ಮಿಲಿಟರಿ ಕಡೆಯವರು ಸ್ವಲ್ಪ ಒರಟು, ಹೊಂದಿಕೊಳ್ಳೋದು ಕಡಿಮೆ. ವರ್ಷಗಳು ಕಳೆದರೂ ಅದು ಹಾಗೇ ಉಳಿದಿತ್ತು.

ಇನ್ನೊಂದು ಮುಖ ಇದೆ, ಅದನ್ನು ಯಾರೂ ಮಾತಾಡಲ್ಲ. ಇಪ್ಪತ್ತರ ಹುಡುಗನ ಕೈಗೆ ಹದಿನೆಂಟರ ಹುಡುಗನ ಮೇಲೆ ಅಧಿಕಾರ ಕೊಟ್ಟು, ಬಿಟ್ಟು ಹೋಗುವ ದಾರಿ ಮುಚ್ಚಿದರೆ ಏನಾಗುತ್ತೆ? 1994ರಲ್ಲಿ ಅರ್ಜೆಂಟೀನಾದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಬ್ಯಾರಕ್ಕಿನಲ್ಲಿ ಹೊಡೆತ ತಿಂದು ಸತ್ತ, ಆ ಗಲಾಟೆಯಲ್ಲೇ ಕಡ್ಡಾಯ ಸೇವೆ ನಿಂತುಹೋಯಿತು. ದಕ್ಷಿಣ ಕೊರಿಯಾದಲ್ಲಿ 2014ರಲ್ಲಿ ಅಂಥದ್ದೇ ಒಂದು ಸಾವು.

ಇನ್ನು ವಾರ್ಜೆ ಅಪ್ಪನವರೇ, ತಟ್ಟೆ ವಿಷಯ. ಅದನ್ನು ಎತ್ತೋದು ಕಲಿಸೋಕೆ ರಕ್ಷಣಾ ಬಜೆಟ್ ಬೇಕಾ? ಮಗಳಾಗಿದ್ದರೆ ಇಷ್ಟು ಹೊತ್ತಿಗೆ ಅವಳ ತಟ್ಟೆ ಅಷ್ಟೇ ಅಲ್ಲ, ನಿಮ್ಮದನ್ನೂ ಅವಳೇ ಎತ್ತುತ್ತಿದ್ದಳು.

ಹಿಂಜೆವಾಡಿ_ಹುಬ್ಬಳ್ಳಿ

ಮೇಡಂ, ಅರ್ಜೆಂಟೀನಾದಲ್ಲಿ 1976ರಿಂದ 1983ರ ತನಕ ಮಿಲಿಟರಿ ಸರ್ಕಾರವೇ ಇತ್ತು, ನಡುವೆ ಬ್ರಿಟನ್ ಜೊತೆ ಯುದ್ಧ ಬೇರೆ. ಅಂಥ ಸೈನ್ಯ ಇಟ್ಟುಕೊಂಡು ನಮ್ಮದನ್ನು ಅಳೆಯೋದು ಸರಿಯಾ?

ಕರ್ವೆನಗರ_ಮೇಡಂ

ಯುದ್ಧ ಇಲ್ಲದ ಕಾಲದಲ್ಲಿ ಹೋದವರಲ್ಲೂ ಅದೇ ಕಂಡಿದೆ. ಆದರೂ ನಿಮ್ಮ ಲಿಫ್ಟಿನ ಮಾತು ಒಪ್ತೀನಿ. ಅದಕ್ಕೆ ಬಂದೂಕು ಯಾಕೆ, ಕೆಲಸದವರಿಗೆ ಬೇರೆ ಲಿಫ್ಟು ಅನ್ನೋದನ್ನು ಸೊಸೈಟಿ ಮೀಟಿಂಗಿನಲ್ಲಿ ತೆಗೆಸಿ ನೋಡೋಣ.

ವಾರ್ಜೆ_ಅಪ್ಪ

ಮೇಡಂ, ತಟ್ಟೆ ವಿಷಯ ಮನೆಯಲ್ಲಿ ಜೋರಾಗಿ ಓದಿದೆ. ಹೆಂಡತಿ ನಿಮ್ಮ ವಿಳಾಸ ಕೇಳುತ್ತಿದ್ದಾಳೆ, ಸೀರೆ ಕಳಿಸುತ್ತಾಳಂತೆ.

ಸ್ಯಾಪರ್ ಸರ್, ನೀವು ಹೇಳಿದ ಕಾಲು ನೋಡೋ ವಿಷಯ ತಲೆಯಲ್ಲಿ ಕೂತಿದೆ. ಎರಡು ವರ್ಷದ ಕಡ್ಡಾಯ ಬೇಡ ಅಂತಲೇ ಇಟ್ಟುಕೊಳ್ಳೋಣ, ಆದರೆ ಅಂಥದ್ದು ಒಂದಿಷ್ಟಾದರೂ ಈ ವಯಸ್ಸಲ್ಲಿ ಸಿಗಬೇಕು ಅಂದರೆ ಎಲ್ಲಿ ಸಿಗುತ್ತೆ? ಅಗ್ನಿವೀರ್ ಅಂದರೆ ನಾಲ್ಕು ವರ್ಷ, ಆಮೇಲೆ ಕಾಲು ಭಾಗ ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಅದಕ್ಕೆ ಮನೆಯಲ್ಲಿ ಯಾರೂ ತಯಾರಿಲ್ಲ.

ಖಡಕಿ_ಸ್ಯಾಪರ್

ಡಿಗ್ರಿಗೆ ಸೇರುವಾಗ ಎನ್‌ಸಿಸಿ ಇರೋ ಕಾಲೇಜು ನೋಡಿ, ಮೊದಲ ವರ್ಷದಲ್ಲೇ ಹೆಸರು ಕೊಡಲಿ. ಸೀಟು ಕಮ್ಮಿ ಇರುತ್ತೆ, ಓಡಿಸಿ ನೋಡಿ ಆರಿಸ್ತಾರೆ, ಈಗಿನಿಂದಲೇ ಸ್ವಲ್ಪ ಓಡಲಿ. ಕ್ಯಾಂಪ್ ತಪ್ಪಿಸಬಾರದು, ಪರೇಡಿಗಿಂತ ಅಲ್ಲೇ ಜಾಸ್ತಿ ಕಲಿಯೋದು. ಎನ್‌ಸಿಸಿ ಆಗದಿದ್ದರೆ ಟ್ರೆಕ್ಕಿಂಗ್ ಗುಂಪು ಯಾವುದಾದರೂ ಸೇರಲಿ, ಪುಣೆಯಲ್ಲಿ ಬೇಕಾದಷ್ಟಿವೆ, ಕಾತ್ರಜ್‌ನಿಂದ ಸಿಂಹಗಡಕ್ಕೆ ರಾತ್ರಿ ನಡೆಯೋರ ಜೊತೆ ಕಳಿಸಿ. ಆದರೆ ಮೊದಲು ಅವನನ್ನೇ ಕೇಳಿ. ಇಲ್ಲಿ ಎಲ್ಲರೂ ಮಾತಾಡಿದ್ದಾರೆ, ಹುಡುಗನನ್ನು ಬಿಟ್ಟು.

ವಾರ್ಜೆ_ಅಪ್ಪ

ಈಗಷ್ಟೇ ಕೇಳಿದೆ. ಎನ್‌ಸಿಸಿಯಲ್ಲಿ ನಿಜವಾದ ಫೈರಿಂಗ್ ಇರುತ್ತಾ ಅಂದ.

ಖಡಕಿ_ಸ್ಯಾಪರ್

ಇರುತ್ತೆ, ಪಾಯಿಂಟ್ ಟೂಟೂ ರೈಫಲ್. ಹೊಡೆಯೋದು ಸ್ವಲ್ಪ, ಆಮೇಲೆ ಕೂತು ಅದನ್ನು ಕ್ಲೀನ್ ಮಾಡೋದು ಜಾಸ್ತಿ ಅಂತ ಹೇಳಿಬಿಡಿ.