ಪದಚರ್ಚೆ: ಪಾಠಕ್ಕೆ ಮೊದಲೇ ಮಗುವಿನ ತಲೆಯಲ್ಲಿ ಇರುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು.

ಬಸವನಗುಡಿಯಲ್ಲಿ ನಾವು ನಾಲ್ಕೈದು ಜನ ಸೇರಿ ಏಳನೇ ಕ್ಲಾಸಿನ ಉಷ್ಣದ ಪಾಠವನ್ನು ಆನ್‌ಲೈನಿಗೆ ತರುತ್ತಿದ್ದೇವೆ. ಪಾಠಕ್ಕೆ ಮುಂಚೆ ಮಕ್ಕಳಿಗೆ ನಾಲ್ಕು ಪ್ರಶ್ನೆ. ಉತ್ತರ ನೋಡಿಕೊಂಡು ಪಾಠದ ದಾರಿ ಬದಲಾಗುತ್ತದೆ. ಉಷ್ಣ ಬೇರೆ, ತಾಪ ಬೇರೆ ಅಂತ ಗೊತ್ತಿರುವ ಮಗು ನೇರ ಪ್ರಯೋಗಕ್ಕೆ ಹೋಗುತ್ತದೆ. ಎರಡೂ ಒಂದೇ ಅಂದುಕೊಂಡ ಮಗುವಿಗೆ ಮೊದಲು ಒಂದು ವಿಡಿಯೋ. ಆ ನಾಲ್ಕು ಪ್ರಶ್ನೆಗಳ ತಲೆಬರಹಕ್ಕೆ ಪದ ಬೇಕಾಗಿದೆ. ಬಿ.ಎಡ್. ಪಾಠಯೋಜನೆಯಲ್ಲಿ "ಪೂರ್ವಜ್ಞಾನ" ಅಂತ ಬರೆಯುತ್ತೇವೆ, ಅಲ್ವಾ? ಅದನ್ನೇ ಪಕ್ಕದ ಮನೆ ಹುಡುಗಿಗೆ ತೋರಿಸಿದೆ. "ಆಂಟಿ, ಇದು ಹೋದ ಜನ್ಮದ್ದಾ?" ಅಂದಳು.

ಮರು:

ಮುನ್ನರಿವು. ಇದರಲ್ಲಿ ಚರ್ಚೆ ಮಾಡಲು ಏನಿದೆ? ಮುನ್ನುಡಿ ಇದ್ದ ಹಾಗೆ ಮುನ್ನರಿವು. ಈ ಅರಿವು ಹಳೆಗನ್ನಡದ ಅಱಿವು, ಶಕಟರೇಫದ್ದು, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ್ದು. ಕತ್ತರಿಸುವ "ಅರಿ" ಬೇರೆ ಧಾತು, ಯಾರೂ ಬೆರೆಸಬೇಡಿ. ಸಂಸ್ಕೃತದ ಹೊರೆ ಇಳಿಸದೆ ನಮ್ಮ ಮಕ್ಕಳಿಗೆ ವಿಜ್ಞಾನ ಹತ್ತುವುದಿಲ್ಲ.

ಮರು:

ಒಪ್ಪುವ ಮಾತಲ್ಲ. ಮುನ್ನೋಟ, ಮುನ್ನೆಚ್ಚರಿಕೆ, ಮುನ್ಸೂಚನೆ ಎಲ್ಲವೂ ಬರಲಿರುವುದರ ಕಡೆ ಮುಖ ಮಾಡಿವೆ. ನಾಳೆ ಮಳೆ ಬರುತ್ತದೆ ಅಂತ ಇವತ್ತೇ ಗೊತ್ತಾದರೆ ಅದು ಮುನ್ನರಿವು. ಇನ್ನು ಸಂಸ್ಕೃತ ಬೇಡ ಅನ್ನುವವರು ಪಾಠದ "ಉಷ್ಣ"ವನ್ನು ಏನು ಮಾಡುತ್ತೀರಿ? ನೀವು ಕೂತಿರುವ ಕುರ್ಚಿ ಅರಬ್ಬಿಯಿಂದ ಬಂದದ್ದು. ಎದ್ದು ನಿಲ್ಲುತ್ತೀರಾ? ಪೂರ್ವಜ್ಞಾನವೇ ಇರಲಿ ಮೇಡಂ.

ಮರು:

ಕುರ್ಚಿ ಬಂದಿದ್ದು ನಮ್ಮಲ್ಲಿ ಇಲ್ಲದ ವಸ್ತುವಿನ ಜೊತೆ. ಅರಿವು ನಮ್ಮಲ್ಲಿ ಇತ್ತು. ಹೋಲಿಕೆ ನಿಲ್ಲುವುದಿಲ್ಲ.

ಮರು:

ಸಾರ್, ಎರವಲಿನ ಜಗಳ ಆಮೇಲೆ ಆಡೋಣ. ನನ್ನ ತೊಡಕು ಬೇರೆ. ಆ ಹುಡುಗಿಗೆ ಮೊದಲ ಪ್ರಶ್ನೆ, "ಉಷ್ಣ ಅಂದರೇನು?" ಫೋನ್ ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತು ಯೋಚಿಸಿ ಟೈಪ್ ಮಾಡಿದಳು: "ಪಪ್ಪಾಯಿ ಉಷ್ಣ, ಎಳನೀರು ತಂಪು."

ಪಾಠ ಕೇಳುತ್ತಿರುವುದು ಇದನ್ನಲ್ಲ. ಆದರೆ ಅವಳ ಪಾಠ ಇಲ್ಲಿಂದಲೇ ಶುರುವಾಗಬೇಕು. ಇದನ್ನು ಬದಿಗೆ ತಳ್ಳಿ ಸುಮ್ನೆ ವ್ಯಾಖ್ಯೆ ಕೊಟ್ಟರೆ, ಪರೀಕ್ಷೆಗೆ ಒಂದು ಉಷ್ಣ, ಮನೆಗೆ ಒಂದು ಉಷ್ಣ ಅಂತ ಎರಡೂ ಉಳಿಯುತ್ತವೆ. ಕಲಿಯುವವರಿಗೆ ಈಗಾಗಲೇ ಏನು ಗೊತ್ತಿದೆ ಅನ್ನುವುದೇ ಕಲಿಕೆಗೆ ಎಲ್ಲಕ್ಕಿಂತ ಮುಖ್ಯ ಅಂತ ಮನೋವಿಜ್ಞಾನಿ ಡೇವಿಡ್ ಆಸುಬೆಲ್ 1968ರಲ್ಲೇ ಬರೆದಿದ್ದರು.

ಜ್ಞಾನ, ಅರಿವು ಎರಡೂ ಸರಿಯಾದದ್ದಕ್ಕೆ ಮಾತ್ರ ಒಪ್ಪುತ್ತವೆ. ಪಪ್ಪಾಯಿಗೆ ಅಲ್ಲಿ ಜಾಗ ಇಲ್ಲ. "ತಿಳಿ" ಹಾಗಲ್ಲ. "ನನಗೆ ತಿಳಿದಿದೆ" ಅಂದರೆ ಗೊತ್ತು. "ನಾನು ಹಾಗೆ ತಿಳಿದಿದ್ದೆ" ಅಂದರೆ ತಪ್ಪೂ ಇರಬಹುದು. ಅದಕ್ಕೇ "ನಿನಗೆ" ಬಿಟ್ಟು "ನೀನು" ಹಿಡಿದೆ: "ನೀನು ತಿಳಿದಿರುವುದು".

ಮರು:

ಇದು ಪದವಲ್ಲ, ಅರ್ಧ ವಾಕ್ಯ. ಪಾರಿಭಾಷಿಕಕ್ಕೆ ನಾಮಪದ ಬೇಕು. ಅಲ್ಲದೆ ತಿಳಿ ಅಂದರೆ ಗಸಿ ಇಳಿದ ಮೇಲೆ ಉಳಿಯುವ ತಿಳಿ. ತಿಳಿನೀರು, ತಿಳಿಸಾರು ನೋಡಿ. ಕಲಕಿರುವುದಕ್ಕೆ ಆ ಹೆಸರು ಸಲ್ಲದು.

ಮರು:

"ತಿಳಿದಿರುವುದು" ಕೃದಂತ ನಾಮವೇ ಸಾರ್. ನಾನು ಕೇಳಿದ್ದು ನಿಘಂಟಿಗಲ್ಲ, ಹನ್ನೆರಡು ವರ್ಷದ ಮಗು ಓದುವ ಪರದೆಗೆ. ತಿಳಿಸಾರಿನ ಮಾತು ಚೆನ್ನಾಗಿದೆ, ಆದರೆ "ನನ್ನನ್ನು ತಪ್ಪು ತಿಳಿಯಬೇಡಿ" ಅಂತ ದಿನಾ ಹೇಳುತ್ತೇವಲ್ಲ? "ತಿಳಿದುಕೊಂಡಿರುವುದು" ಇನ್ನೂ ಸರಿಹೋಗುತ್ತಿತ್ತು. ಚಿಕ್ಕ ಫೋನಿನಲ್ಲಿ ಎರಡು ಸಾಲಾಗುತ್ತಿದೆ. ಸದ್ಯಕ್ಕೆ "ನೀನು ತಿಳಿದಿರುವುದು" ಹಾಕಿ ಕಳಿಸುತ್ತಿದ್ದೇನೆ.