ಬೇವಿನ ಮರದ ಡಬ್ಬಿ

ಶರಣು ಇಂಗ್ಲೆಂಡಿನ ಅಕ್ಕನ ಮನೆಯಲ್ಲಿ ಒಂದು ತಿಂಗಳು ಇದ್ದು ಬಂದ. ನಮಗೆ ಚಾಕೊಲೇಟ್ ತರಲಿಲ್ಲ, ಒಂದು ಹುಚ್ಚು ತಂದ. ಕಲಬುರಗಿಯ ಅಪ್ಪನ ಕೆರೆ ಹತ್ತಿರದ ನಮ್ಮ ಚಾದಂಗಡಿಯಲ್ಲಿ ಮಿರ್ಚಿ ಬರುವ ಮೊದಲೇ ಶುರು ಹಚ್ಚಿಕೊಂಡ.

"ಜಿಯೋಕ್ಯಾಶಿಂಗ್ ಅಂತ ಒಂದು ಆಟ. ಯಾರೋ ಕಾಡಿನಲ್ಲಿ ಡಬ್ಬಿ ಬಚ್ಚಿಡುತ್ತಾರೆ. ಅದು ಇರುವ ಅಕ್ಷಾಂಶ, ರೇಖಾಂಶ ಆ್ಯಪ್‌ನಲ್ಲಿ ಹಾಕುತ್ತಾರೆ. ನಾವು ಫೋನ್ ಹಿಡಿದು ಹೋಗಿ ಹುಡುಕಬೇಕು."

"ಸಿಕ್ಕರೆ?" ಖಾದರ್ ಕೇಳಿದ.

"ಒಳಗೊಂದು ಪುಸ್ತಕ ಇರುತ್ತದೆ. ಹೆಸರು, ತಾರೀಖು ಬರೆದು ಡಬ್ಬಿ ಇದ್ದಲ್ಲೇ ಇಟ್ಟು ಬರಬೇಕು."

"ರೊಕ್ಕ?"

"ಇಲ್ಲ. ಸಣ್ಣಪುಟ್ಟ ಆಟಿಕೆ ಇರಬಹುದು. ಒಂದು ತಗೊಂಡರೆ ಅಷ್ಟೇ ಬೆಲೆಯದು ಇನ್ನೊಂದು ಇಡಬೇಕು."

ಖಾದರ್ ಮುಖ ಆರಿದ ಚಾದ ಹಾಗಾಯಿತು. ಅವನದು ಪ್ಲಾಟ್ ಮಾರುವ ದಂಧೆ. ಕಮಿಷನ್ ಇಲ್ಲದ ಜಾಗ ನೋಡಲು ಯಾರಾದರೂ ಹೋಗುತ್ತಾರೆ ಎಂಬುದೇ ಅವನಿಗೆ ಹೊಸ ಸುದ್ದಿ.

ಮಾಸ್ತರು ಕನ್ನಡಕ ಏರಿಸಿದರು. ನಲವತ್ತು ವರ್ಷ ಭೂಗೋಳ ಪಾಠ ಮಾಡಿದವರು, ಅಕ್ಷಾಂಶ ಅಂದ ಮೇಲೆ ಸುಮ್ನೆ ಕೂರುತ್ತಾರಾ? "2000ನೇ ಇಸವಿ ಮೇ ತನಕ ಅಮೆರಿಕದವರು ಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರ್ ಆಚೆ ಈಚೆ ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಮೇ 3ಕ್ಕೆ ಒರೆಗಾನ್‌ನಲ್ಲಿ ಡೇವ್ ಅಲ್ಮರ್ ಎಂಬಾತ ಮೊದಲ ಬಕೆಟ್ ಬಚ್ಚಿಟ್ಟ. ಅದರಲ್ಲಿ ಒಂದು ಬೀನ್ಸ್ ಡಬ್ಬವೂ ಇತ್ತು."

"ಈಗ ತಿನ್ನುವುದು ಇಡುವಂತಿಲ್ಲ ಸರ," ಅಂದ ಶರಣು. "ವಾಸನೆಗೆ ಪ್ರಾಣಿ ಬರುತ್ತವೆ."

"ಬಂತಲ್ಲ," ಎಂದು ಖಾದರ್ ಅವನ ಕೈಗೆ ಸಿಗದ ಹಾಗೆ ಮಿರ್ಚಿ ತಟ್ಟೆ ಸರಿಸಿದ.

ಶರಣು ಹೋಗಿದ್ದು ಪುರಾತನ ಕಾಡಂತೆ. ಇಂಗ್ಲೆಂಡಿನಲ್ಲಿ 1600ರಿಂದಲೂ ಉಳಿದು ಬಂದ ಕಾಡಿಗೆ ಮಾತ್ರ ಆ ಹೆಸರು.

"1600 ಪುರಾತನವಾ?" ಮಾಸ್ತರಿಗೆ ನಗು. "ಬಹಮನಿಗಳು 1347ಕ್ಕೇ ನಮ್ಮೂರನ್ನು ರಾಜಧಾನಿ ಮಾಡಿಕೊಂಡಿದ್ದರು!"

ಆದರೆ ಕಾಡಿನ ಸುದ್ದಿ ಅವನು ಚಂದ ಹೇಳಿದ. ಮರದ ಬುಡದಲ್ಲೆಲ್ಲ ನೀಲಿ ಬ್ಲೂಬೆಲ್ ಹೂವು, ಚಾಪೆ ಹಾಸಿದ ಹಾಗೆ. ಒಮ್ಮೆ ತುಳಿದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಅದಕ್ಕೇ ಕಾಲುದಾರಿ ಬಿಟ್ಟು ಇಳಿಯಬಾರದು. ಓಕ್ ಮರದ ಬೇರಿನ ಸಂದಿಯಲ್ಲಿ ಹಳೇ ಕ್ಯಾಮೆರಾ ರೀಲಿನ ಡಬ್ಬಿ, ಮೇಲೆ ಪಾಚಿ ಮುಚ್ಚಿತ್ತು. ಒಳಗೆ ಬೀಡಿ ಹಾಗೆ ಸುತ್ತಿದ ಕಾಗದ. ಅದು ಸಿಗಲು ಒಂದೂವರೆ ತಾಸು ಬೇಕಾಯಿತು. ಅಷ್ಟರಲ್ಲಿ ತಲೆ ಮೇಲೆ ಮರಕುಟಿಗ ಟಕಟಕ ಕುಟ್ಟುತ್ತಿತ್ತು. ಡಬ್ಬಿ ಸಿಕ್ಕಿದ್ದಕ್ಕಿಂತ ಅದನ್ನು ನೋಡಿದ್ದೇ ಜಾಸ್ತಿ ಖುಷಿ ಎಂದ. ಖಾದರ್ ಕೂಡ ಒಂದು ನಿಮಿಷ ಫೋನ್ ನೋಡಲಿಲ್ಲ. ನಾನು ಕಂಡ ಹಾಗೆ ಅದೇ ದಾಖಲೆ.

"ನಾವೂ ಚಿಂಚೋಳಿ ಕಾಡಿನಲ್ಲಿ ಒಂದು ಇಡೋಣ!" ಅಂದ ಶರಣು.

"ಅಲ್ಲಿ ತೋಳ ಇವೆ, ಕತ್ತೆಕಿರುಬ ಇವೆ," ಅಂದೆ ನಾನು.

"ತೋಳ ಬಿಡು," ಮಾಸ್ತರು ಶುರು ಮಾಡಿದರು. "ಅದು 2011ರಲ್ಲೇ ವನ್ಯಜೀವಿಧಾಮ ಆಗಿದೆ. 1972ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ. ಅದೂ ಅಲ್ಲದೆ ಅಲ್ಲಿ ರಕ್ತಚಂದನದ ಮರಗಳಿವೆ. ನಾಲ್ಕು ಜನ ಗಂಡಸರು ಫೋನ್ ಹಿಡಿದು, ಮೊಣಕಾಲೂರಿ, ರಕ್ತಚಂದನದ ಬುಡ ಕೆದರುತ್ತಿದ್ದಾರೆ. ಗಾರ್ಡ್ ಬಂದ. ಏನು ಹೇಳುತ್ತೀ?"

"ಡಬ್ಬಿ ಹುಡುಕುತ್ತಿದ್ದೇವೆ ಅಂತ."

"ಡಬ್ಬಿಯಲ್ಲಿ ಏನಿದೆ ಅಂತ ಕೇಳುತ್ತಾನೆ."

"ಏನೂ ಇಲ್ಲ ಅಂತ."

"ಅಲ್ಲಿಗೆ ಮುಗೀತು. ಜಾಮೀನು ಕೊಡಲು ನಾನು ಬರುವುದಿಲ್ಲ," ಅಂದ ಖಾದರ್.

ಕೊನೆಗೆ ಚಾದಂಗಡಿ ಹಿಂದಿನ ಬೇವಿನ ಮರದಲ್ಲೇ ಇಟ್ಟು ನೋಡುವುದು ಎಂದಾಯಿತು. ಡಬ್ಬಿ ನಮ್ಮ ಮನೆಯದು, ಸಾಸಿವೆ ತುಂಬಿಡುವ ಸ್ಟೀಲ್ ಡಬ್ಬಿ. ಹೆಂಡತಿ ಇವತ್ತಿಗೂ ಅದನ್ನು ಹುಡುಕುತ್ತಿದ್ದಾಳೆ, ಅವಳಿಗೆ ಮಾತ್ರ ಅಕ್ಷಾಂಶ ಕೊಟ್ಟಿಲ್ಲ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಒಂದು ರಬ್ಬರ್ ಹಲ್ಲಿ ಹಾಕಿ ಪೊಟರೆಯಲ್ಲಿ ಇಟ್ಟೆವು. ಶರಣು ಜಾಗವನ್ನು ಫೋನಿನಲ್ಲಿ ಗುರುತು ಮಾಡಿಕೊಂಡ.

ಎಂಟು ದಿನ ಬಿಟ್ಟು ಹುಡುಕಲು ಬಂದೆವು. ಪೊಟರೆ ಖಾಲಿ. ಫೋನಿನ ಬಾಣ ಮರ ಬಿಟ್ಟು ಚಾದಂಗಡಿ ಕಾಕಾನ ಗಲ್ಲೆ ಕಡೆ ತೋರಿಸುತ್ತಿತ್ತು. "ಮರದ ಕೆಳಗೆ ಸಿಗ್ನಲ್ ಸರಿ ಸಿಗುವುದಿಲ್ಲ, ಐದಾರು ಮೀಟರ್ ತಪ್ಪುತ್ತದೆ," ಎಂದು ಮಾಸ್ತರು ಪಾಠ ಶುರು ಮಾಡಿದರು. ಮೇ ತಿಂಗಳ ನಮ್ಮ ಕಲಬುರಗಿ ಬಿಸಿಲು, ಕೇಳುವ ತ್ರಾಣ ಯಾರಿಗಿತ್ತು? ನೆರಳಿಗೆ ಅಂತ ಗಲ್ಲೆ ಹತ್ತಿರ ಹೋದರೆ, ಚಿಲ್ಲರೆ ಪೆಟ್ಟಿಗೆ ಪಕ್ಕದಲ್ಲೇ ಸಾಸಿವೆ ಡಬ್ಬಿ!

"ಕಾಕಾ, ಇದು ನಿಮಗೆಲ್ಲಿ ಸಿಕ್ಕಿತು?"

"ಮರದಾಗ. ಯಾರೋ ಬಿಟ್ಟು ಹೋಗಿದ್ದರು. ಹಲ್ಲಿ ಮೊಮ್ಮಗ ಒಯ್ದ."

ಮುಚ್ಚಳ ತೆಗೆದೆವು. ಹಲ್ಲಿ ಜಾಗದಲ್ಲಿ ಒಂದು ಹಿಡಿ ಬಡೇಸೋಪು ಇತ್ತು. ಬೆಲೆ ಹೆಚ್ಚುಕಡಿಮೆ ಸರಿಹೋಯಿತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು, ತಾರೀಖು, ಎಲ್ಲ ಆಟದ ನಿಯಮದ ಪ್ರಕಾರವೇ ದುಂಡಗೆ ಬರೆದಿತ್ತು. ಮೇಲೆ ತಲೆಬರಹ: ಉದ್ರಿ. ಕೆಳಗೆ: ಶರಣು, 4 ಚಾ, 2 ಪ್ಲೇಟ್ ಮಿರ್ಚಿ.

"ಮೊದಲನೇ ಹೆಸರು ನಿನ್ನದೇ ಅಲ್ವಾ," ಎಂದು ಖಾದರ್ ಅವನ ಬೆನ್ನು ತಟ್ಟಿದ. ಶರಣು ಪುಟ ತಿರುವಿದ. ಎರಡನೇ ಪುಟ ಪೂರ್ತಿ ಖಾದರ್‌ನದು.